ಗೇಣು ನೀರಿನ ಹಕ್ಕಿಗಳು

ದೊಡ್ಡ ಹಕ್ಕಿ ನೋಡಬೇಕೆಂದರೆ ನಮ್ಮ ಕಡೆಯ ಜನ ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೊರಡುತ್ತಾರೆ. ಹೋಗಿಬರಲಿ, ಎರಡೂ ನೋಡಲೇಬೇಕಾದ ಜಾಗಗಳೇ. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ, ಜುಲೈ–ಆಗಸ್ಟ್ ಹೊತ್ತಿಗೆ, ಗಂಗಾವತಿಯಿಂದ ಕಾರಟಗಿ ಕಡೆ ಹೊರಟವರು ಬಸ್ಸಿನ ಕಿಟಕಿಯಿಂದ ಒಮ್ಮೆ ಹೊರಗೆ ನೋಡಬೇಕು. ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಗದ್ದೆಯನ್ನು ಕೆಸರು ಮಾಡುತ್ತಿರುತ್ತದೆ, ಅದರ ಬೆನ್ನಿಗೇ ಬೆಳ್ಳಕ್ಕಿಗಳ ಹಿಂಡು. ಅಲ್ಲಿಂದ ನಾಲ್ಕು ಮಡಿ ಆಚೆಗೆ, ಇನ್ನೂ ಸಸಿ ಹಚ್ಚದ ರಾಡಿ ನೀರಿನಲ್ಲಿ, ಮೂರಡಿ ಎತ್ತರದ ಬಣ್ಣದ ಕೊಕ್ಕರೆ ತಲೆ ತಗ್ಗಿಸಿ ನಿಂತಿರುತ್ತದೆ. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಬಾಲದ ಹತ್ತಿರ ತಿಳಿಗುಲಾಬಿ ಗರಿ. ಅದನ್ನು ನೋಡಲು ಟಿಕೆಟ್ ಬೇಕಿಲ್ಲ, ದೋಣಿ ಬೇಕಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ದೊಡ್ಡ ಹಕ್ಕಿಗಳನ್ನು ಹುಡುಕಲು ನನ್ನ ಅನುಭವದಲ್ಲಿ ಇರುವ ದಾರಿ ಒಂದೇ. ಎಲ್ಲಿ, ಯಾವ ತಿಂಗಳು, ಗೇಣು ಆಳದ ನೀರು ನಿಲ್ಲುತ್ತದೆ ಎಂದು ತಿಳಿದುಕೊಳ್ಳುವುದು. ಕ್ಯಾಮೆರಾ, ಲೆನ್ಸು, ಹಕ್ಕಿ ಪುಸ್ತಕ ಎಲ್ಲ ಅದರ ನಂತರ. ಈ ಹಕ್ಕಿಗಳು ಬಾತುಕೋಳಿಯಂತೆ ಈಜಿ ಹೊಟ್ಟೆ ಹೊರೆಯುವುದಿಲ್ಲ, ನೀರಿನಲ್ಲಿ ನಡೆದು ಮೇಯುತ್ತವೆ. ನೀರು ಕಾಲಿಗಿಂತ ಆಳವಾದರೆ ನಿಲ್ಲಲಾಗದು, ತೀರ ಬತ್ತಿದರೆ ಮೀನಿಲ್ಲ. ಈ ಎರಡರ ನಡುವಿನ ಗೇಣೇ ಅವುಗಳ ಅಡುಗೆಮನೆ.

ಬಣ್ಣದ ಕೊಕ್ಕರೆ ಆ ರಾಡಿಯಲ್ಲಿ ಏನು ಮಾಡುತ್ತಿರುತ್ತದೆ ಎಂದು ಗಮನಿಸಿ. ಅದು ಕಣ್ಣಿನಿಂದ ಮೀನು ಹುಡುಕುವುದಿಲ್ಲ. ಕೊಕ್ಕನ್ನು ಸ್ವಲ್ಪ ತೆರೆದು ನೀರಿನಲ್ಲಿ ಅದ್ದಿಕೊಂಡು, ಒಂದು ಕಾಲಿನಿಂದ ಕೆಸರು ಕಲಕುತ್ತ, ಆಗಾಗ ಒಂದು ರೆಕ್ಕೆ ಅಗಲಿಸಿ ಮೀನನ್ನು ಬೆದರಿಸುತ್ತ ನಿಧಾನ ಸಾಗುತ್ತದೆ. ಬೆದರಿದ ಮೀನು ಕೊಕ್ಕಿನ ಒಳಮೈಗೆ ತಾಕಿದ ಕೂಡಲೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದರ ಅಮೆರಿಕದ ದಾಯಾದಿಯಾದ ಮರಗೊಕ್ಕರೆಯ ಮೇಲೆ ಎಂ. ಪಿ. ಕಾಲ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಪ್ರಯೋಗ ಮಾಡಿದಾಗ, ತಾಕುವುದಕ್ಕೂ ಮುಚ್ಚುವುದಕ್ಕೂ ನಡುವಿನ ಹೊತ್ತು ಒಂದು ಸೆಕೆಂಡಿನ 40ನೇ ಒಂದು ಭಾಗದಷ್ಟು ಎಂದು ಗೊತ್ತಾಯಿತು. ನಾವು ಕಣ್ಣು ಮಿಟುಕಿಸಲು ಇದರ ಹಲವು ಪಟ್ಟು ಸಮಯ ಬೇಕು. ರಾಡಿ ನೀರು ಈ ಹಕ್ಕಿಗೆ ತೊಡಕಾಗದೆ ಅನುಕೂಲವೇ ಆಗುವುದು ಇದರಿಂದ. ಕಣ್ಣನ್ನು ನಂಬುವ ಬೆಳ್ಳಕ್ಕಿ ಟ್ರ್ಯಾಕ್ಟರ್ ಎಬ್ಬಿಸಿದ ಹುಳಹುಪ್ಪಟೆಯ ಹಿಂದೆ ಓಡುತ್ತದೆ, ಕೊಕ್ಕರೆ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರಿನಲ್ಲಿ ಉಳಿಯುತ್ತದೆ. ಫೋಟೊ ತೆಗೆಯುವವರಿಗೂ ಇದರಲ್ಲಿ ತಿಳಿಯುವುದಿದೆ. ಮೀನು ಹಿಡಿದ ಕ್ಷಣವನ್ನು ಕಂಡು ಬಟನ್ ಒತ್ತುವಷ್ಟರಲ್ಲಿ ಅದು ಮುಗಿದಿರುತ್ತದೆ. ಸಿಗುವುದು ಅದರ ಮರುಕ್ಷಣ. ಹಕ್ಕಿ ತಲೆ ಎತ್ತಿ, ಮೀನನ್ನು ಹಿಂದಕ್ಕೆ ಚಿಮ್ಮಿ ಗಂಟಲಿಗೆ ಇಳಿಸುವ ಹೊತ್ತು. ಹಾಗಾಗಿ ತಲೆ ತಗ್ಗಿದ್ದಾಗಲೇ ಫೋಕಸ್ ಕತ್ತಿನ ಮೇಲಿರಲಿ, ಕತ್ತು ಏಳುವ ಜಾಗ ಚೌಕಟ್ಟಿನಲ್ಲಿ ಖಾಲಿ ಇರಲಿ.

ನನಗೆ ಹೆಚ್ಚು ಪ್ರೀತಿಯ ಹಕ್ಕಿ ಮಾತ್ರ ಬಾಯ್ಕಳಕ. ಬಣ್ಣದ ಕೊಕ್ಕರೆಗಿಂತ ಗಿಡ್ಡ, ಬೂದುಬಿಳಿ ಮೈ, ಕಪ್ಪು ರೆಕ್ಕೆಯಂಚು. ದೂರದಿಂದ ನೋಡಿದರೆ ವಿಶೇಷವೇನೂ ಕಾಣದು, ಹಾಗಾಗಿಯೇ ಬಹಳಷ್ಟು ಜನ ಅದನ್ನು ದಾಟಿ ಮುಂದೆ ಹೋಗುತ್ತಾರೆ. ಹತ್ತಿರದಿಂದ ಕಂಡಾಗ ಮಾತ್ರ ಕೊಕ್ಕಿನ ನಡುವಿನ ಸಂದು ಕಾಣುತ್ತದೆ: ಬುಡ ಕೂಡಿದೆ, ತುದಿ ಕೂಡಿದೆ, ನಡುವೆ ಬೆಳಕು ಹಾಯುವಷ್ಟು ಅಂತರ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆಲ್ಲ ಮೂಡುತ್ತದೆ. ಗದ್ದೆಯ ಬಸವನಹುಳು ಇದರ ಮುಖ್ಯ ಆಹಾರ. ಚಿಪ್ಪನ್ನು ಅಡಕತ್ತರಿಯಲ್ಲಿ ಒಡೆದಂತೆ ಒಡೆಯುತ್ತದೆ ಎಂದು ಬಹುಕಾಲ ನಂಬಿದ್ದರು. ಸಮೀಪದಿಂದ ಅಧ್ಯಯನ ಮಾಡಿದವರು ಕಂಡದ್ದು ಬೇರೆ. ಮೇಲ್ಗೊಕ್ಕಿನಿಂದ ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು, ಚೂಪಾದ ಕೆಳಗೊಕ್ಕನ್ನು ಬಾಯಿಮುಚ್ಚಳದ ಒಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯುವನ್ನು ಕತ್ತರಿಸಿ ಎಳೆದುಕೊಳ್ಳುತ್ತದೆ. ಈ ಕೆಲಸವೂ ಬಹುಪಾಲು ನೀರಿನಡಿಯಲ್ಲಿ, ಸ್ಪರ್ಶದಿಂದಲೇ ನಡೆಯುತ್ತದೆ. ಇವು ಮೇಯ್ದ ಗದ್ದೆಯ ಬದುವಿನಲ್ಲಿ ಒಡೆಯದ ಖಾಲಿ ಚಿಪ್ಪುಗಳು ಬಿದ್ದಿರುವುದನ್ನು ನೀವೇ ಆರಿಸಿ ನೋಡಬಹುದು.

ನೀರು ಇದ್ದಲ್ಲಿಗೆ ಊರೂರು ಅಲೆಯುವುದು ಬಾಯ್ಕಳಕದ ಸ್ವಭಾವ. ರಾಜಸ್ಥಾನದ ಭರತ್‌ಪುರದಲ್ಲಿ ಕಾಲಿಗೆ ಉಂಗುರ ತೊಡಿಸಿದ ಒಂದು ಹಕ್ಕಿ 800 ಕಿ.ಮೀ. ಪೂರ್ವಕ್ಕೆ ಸಿಕ್ಕಿದೆ, ಥಾಯ್ಲೆಂಡಿನಲ್ಲಿ ಉಂಗುರ ತೊಡಿಸಿದ್ದು 1,500 ಕಿ.ಮೀ. ದಾಟಿ ಬಾಂಗ್ಲಾದೇಶದಲ್ಲಿ ಸಿಕ್ಕಿದೆ. ಮುನಿರಾಬಾದಿನಿಂದ ರಾಯಚೂರಿನ ಕಡೆಗೆ 227 ಕಿ.ಮೀ. ಹರಿಯುವ ಎಡದಂಡೆ ಕಾಲುವೆ ಇಂಥ ಅಲೆಮಾರಿಗೆ ಹಾಕಿಟ್ಟ ಊಟದ ಪಂಕ್ತಿಯೇ ಸರಿ. 1953ರಲ್ಲಿ ಅಣೆಕಟ್ಟೆಯಿಂದ ನೀರು ಹರಿಯುವುದಕ್ಕೆ ಮುಂಚೆ ಈ ಸೀಮೆಯ ಬಹುಭಾಗ ಜೋಳ, ಸಜ್ಜೆಯ ಒಣಭೂಮಿ. ಆನೆಗೊಂದಿ, ಸಣಾಪುರದ ಸುತ್ತ ಮಾತ್ರ ವಿಜಯನಗರ ಕಾಲದ ಕಾಲುವೆಗಳ ಗದ್ದೆಗಳಿದ್ದವು. ಈಗ ಸೋನಾ ಮಸೂರಿಗಾಗಿ ನಿಲ್ಲಿಸುವ ನೀರೇ ಬಾಯ್ಕಳಕಕ್ಕೂ ಕೆಂಬರಲಿಗೂ ಮೇವಿನ ನೆಲವಾಗಿದೆ.

ಗದ್ದೆಯ ನೀರು ವರ್ಷವಿಡೀ ಒಂದೇ ತೆರನಾಗಿ ಇರುವುದಿಲ್ಲ. ಸಸಿ ಹಚ್ಚುವ ಮುಂಚಿನ ಮತ್ತು ಹಚ್ಚಿದ ಮೇಲಿನ ಕೆಲವು ವಾರ ದೊಡ್ಡ ಹಕ್ಕಿಗಳಿಗೆ ಸುಗ್ಗಿ. ಬೆಳೆ ಮೊಣಕಾಲು ಮಟ್ಟ ಬಂದರೆ ಅವು ಒಳಗೆ ಇಳಿಯುವುದು ಕಡಿಮೆ, ಬಸಿಗಾಲುವೆ, ತಗ್ಗು, ಕೆರೆಯಂಚಿಗೆ ಸರಿದುಕೊಳ್ಳುತ್ತವೆ. ಕೊಯ್ಲಿಗೆ ಮುಂಚೆ ನೀರು ಬಸಿಯುವಾಗ ಮೀನೆಲ್ಲ ತಗ್ಗಿನಲ್ಲಿ ಒಟ್ಟಾಗುತ್ತವೆ, ಹಕ್ಕಿಗಳು ಮತ್ತೆ ಇಳಿಯುತ್ತವೆ. ಜಲಾಶಯದಲ್ಲಿ ನೀರಿದ್ದ ವರ್ಷ ಎರಡನೇ ಬೆಳೆಗೂ ಇದೇ ಸುತ್ತು. ಕಾಲುವೆ ನಿಂತ ಬೇಸಿಗೆಯಲ್ಲಿ ಗದ್ದೆ ಒಣಗಿ ಬಿರುಕು ಬಿಟ್ಟಾಗ ನೋಡಬೇಕಾದ ಜಾಗ ಅಣೆಕಟ್ಟೆಯ ಹಿನ್ನೀರು. ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡುವ ಜಲಾಶಯ ಇಳಿಯುತ್ತ ಹೋದಂತೆ ಮೈಲುಗಟ್ಟಲೆ ಕೆಸರಂಚು ತೆರೆದುಕೊಳ್ಳುತ್ತದೆ. ಬೂದು ಬಕ, ಚಮಚ ಕೊಕ್ಕು, ಬಣ್ಣದ ಕೊಕ್ಕರೆ ಎಲ್ಲ ಅಲ್ಲಿಗೆ ಸರಿಯುತ್ತವೆ. ರಾಜಹಂಸಗಳು ಇಳಿಯುವುದೂ ಈ ಅಂಚಿಗೇ.

ದೂರದಲ್ಲಿರುವುದು ಯಾವ ಹಕ್ಕಿ ಎಂದು ತಿಳಿಯಲು ಹಾರಾಟ ಮೊದಲ ಗುರುತು. ಕತ್ತನ್ನು ಮಡಚಿ ಭುಜದ ನಡುವೆ ಹುದುಗಿಸಿಕೊಂಡು ಹಾರಿದರೆ ಬಕ ಅಥವಾ ಬೆಳ್ಳಕ್ಕಿ. ನೇರ ಚಾಚಿದರೆ ಕೊಕ್ಕರೆ, ಕೆಂಬರಲು, ಚಮಚ ಕೊಕ್ಕು. ಇಳಿದು ಮೇಯುವಾಗ ಇನ್ನೂ ಸುಲಭ. ಚಮಚ ಕೊಕ್ಕು ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನೀರು ಸೋಸುತ್ತದೆ. ಕೆಂಬರಲು ಬಾಗಿದ ಕೊಕ್ಕನ್ನು ಕೆಸರಿಗೆ ಚುಚ್ಚಿ ಚುಚ್ಚಿ ತೆಗೆಯುತ್ತದೆ. ಬೂದು ಬಕ ಅಲ್ಲಾಡದೆ ನಿಂತು ಒಮ್ಮೆಗೇ ಈಟಿಯಂತೆ ಇರಿಯುತ್ತದೆ. ಫೋಟೊಗಳಲ್ಲಿ ಬರೀ ನಿಂತ ಹಕ್ಕಿಯೇ ತುಂಬಿರುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಮೇಯುವ ರೀತಿಯಲ್ಲೇ ಆಯಾ ಹಕ್ಕಿಯ ಗುಣವೆಲ್ಲ ಇದೆ.

ಗಂಗಾವತಿ ಬಿಟ್ಟು ಕುಷ್ಟಗಿ, ಯಲಬುರ್ಗಾ ಕಡೆ ಏರಿದರೆ ಲೆಕ್ಕವೇ ಬೇರೆ. ಅಲ್ಲಿ ಕಾಲುವೆ ನೀರಿನ ಗದ್ದೆಗಳ ಹರವಿಲ್ಲ. ಎರೆಹೊಲ, ಮಸಾರಿ ಹೊಲ, ಮಳೆ ನಂಬಿದ ಬೇಸಾಯ. ಕಟಾವಾದ ಹೊಲಗಳಲ್ಲಿ ಕರಿ ಕೆಂಬರಲು ಜೋಡಿಯಾಗಿ ಓಡಾಡುತ್ತದೆ. ತಲೆಯ ಮೇಲೆ ಕೆಂಪು ಮಚ್ಚೆ, ಭುಜದಲ್ಲಿ ಬಿಳಿ ಮಚ್ಚೆ, ಕೂಗಿದರೆ ಹೊಲವೆಲ್ಲ ಕೇಳುತ್ತದೆ. ನೀರಿಲ್ಲದೆಯೂ ಹುಳ, ಓತಿಕ್ಯಾತ ತಿಂದು ಬದುಕಬಲ್ಲ ಇದು ಒಣಸೀಮೆಯ ಹಕ್ಕಿ. ಬಿಳಿಕತ್ತಿನ ಕೊಕ್ಕರೆಯೂ ಇಂಥ ಬಯಲಿಗೆ ಬರುವುದುಂಟು. ಕಾಡು, ಜೌಗು ಹೋದರೆ ಈ ಕೊಕ್ಕರೆಯೂ ಹೋಯಿತು ಎಂಬ ಆತಂಕವಿತ್ತು. ಮನುಷ್ಯರು ಉಳುಮೆ ಮಾಡುವ ನೆಲದಲ್ಲೇ ಸಾಕಷ್ಟು ಸಂಖ್ಯೆಯಲ್ಲಿ ಬದುಕಿವೆ ಎಂದು ದಕ್ಷಿಣ ಏಷ್ಯಾದ ಹೊಲಗದ್ದೆಗಳಲ್ಲಿ ನಡೆದ ಅಧ್ಯಯನಗಳು ತೋರಿಸಿದ ಮೇಲೆ, 2020ರಲ್ಲಿ ಅದರ ಅಪಾಯದ ದರ್ಜೆಯನ್ನು ಒಂದು ಹಂತ ಇಳಿಸಲಾಯಿತು.

ಉಳಿದ ಹಕ್ಕಿಗಳಿಗೆ ಈ ಎರಡು ತಾಲೂಕುಗಳಲ್ಲಿ ಆಸರೆ ಕೆರೆಗಳು. ಒಂದೆರಡು ದಶಕ ಹೂಳು ತುಂಬಿ, ಜಾಲಿ ಬೆಳೆದು ಹೊಲದಂತಾಗಿದ್ದ ಕೆರೆಗಳಿಗೆ ಈಚೆಗೆ ಮರುಜೀವ ಬಂದಿದೆ. ಯಲಬುರ್ಗಾ ತಾಲೂಕಿನ ತಲ್ಲೂರು ಕೆರೆಯ ಹೂಳನ್ನು 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ತೆಗೆಸಿತು. ಕುಷ್ಟಗಿಯ ನಿಡಶೇಸಿ ಕೆರೆಗೆ ಜನರೇ ಹಣ ಹಾಕಿ ಕೈಜೋಡಿಸಿದರು. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ಹಿರೇಹಳ್ಳವನ್ನು ಸ್ವಚ್ಛ ಮಾಡಲು ತಾವೇ ಹಳ್ಳಕ್ಕೆ ಇಳಿದದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಇವೆಲ್ಲ ದೊಡ್ಡ ಕೆಲಸಗಳು. ಬರ ಕಂಡ ಊರಿಗೆ ಕೆರೆಯಲ್ಲಿ ನೀರು ನಿಂತರೆ ಏನು ಬದಲಾಗುತ್ತದೆ ಎಂದು ಇಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ.

ಆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ. ಕೆರೆಯನ್ನು ಹಿಟಾಚಿಯಲ್ಲಿ ದಂಡೆಯ ಬುಡದವರೆಗೂ ನೆಟ್ಟಗೆ ಅಗೆದರೆ ನೀರು ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ನಡೆದು ಮೇಯುವ ಹಕ್ಕಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಚಿನಲ್ಲೇ ಆಳೆತ್ತರ ನೀರು. ತುಂಬಿದ ಕೆರೆಯಲ್ಲಿ ನೀರುಕಾಗೆ, ಬಾತು ತೇಲುತ್ತಿದ್ದು ಒಂದೂ ಕೊಕ್ಕರೆ ಇಲ್ಲದಿದ್ದರೆ ಕಾರಣ ಹೆಚ್ಚಾಗಿ ಇದೇ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೆಗೆದ ಕೃಷಿ ಹೊಂಡಗಳದ್ದೂ ಇದೇ ಸ್ಥಿತಿ. ಕಡಿದಾದ ಬದಿ, ಪ್ಲಾಸ್ಟಿಕ್ ಹಾಳೆಯ ತಳ. ರೈತನಿಗೆ ಅವು ಬೇಕೇ ಬೇಕು, ಹಕ್ಕಿಗೆ ಅಲ್ಲಿ ಏನೂ ಇಲ್ಲ. ಕೆರೆಯಲ್ಲಾದರೆ ಎರಡನ್ನೂ ಹೊಂದಿಸಲು ಸಾಧ್ಯ. ನೀರು ಬರುವ ಬಾಯಿಯ ಕಡೆಯ ಅಂಚನ್ನು ಇಳಿಜಾರಾಗಿ ಬಿಟ್ಟು, ನಡುವನ್ನು ಆಳ ಮಾಡಿ, ಕೆರೆಯೊಳಗಿನ ಹಳೆಯ ಕರಿಜಾಲಿಗಳಲ್ಲಿ ಒಂದು ಗುಂಪನ್ನು ಉಳಿಸಿದರೆ ಸಾಕು. ಹೊಳೆಯ ಆಚೆ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅದು 98.76 ಹೆಕ್ಟೇರಿನ ಊರ ಕೆರೆ. ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಗದ್ದೆಗೆ ಇಳಿಯುವ ಹಕ್ಕಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ನಮ್ಮಲ್ಲಿ ಮೇಯ್ದು ಅಲ್ಲಿ ಮರಿ ಮಾಡುವುದಕ್ಕೆ ಅದಕ್ಕೆ ಅಡ್ಡಿಯೇನಿದೆ?

ಇನ್ನು ಫೋಟೊ ತೆಗೆಯುವ ವಿಚಾರ. ದೊಡ್ಡ ಹಕ್ಕಿಗಳು ಟ್ರ್ಯಾಕ್ಟರ್, ಬೈಕು, ಎತ್ತಿನ ಬಂಡಿಗೆ ಒಗ್ಗಿಹೋಗಿವೆ. ಅವು ಹೆದರುವುದು ತಮ್ಮ ಕಡೆಗೆ ನೇರ ನಡೆದುಬರುವ ಮನುಷ್ಯನಿಗೆ. ಕಾಲುವೆ ಪಕ್ಕದ ದಾರಿಯಲ್ಲಿ ಗಾಡಿ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ತೆಗೆದರೆ ಹಕ್ಕಿ ಮೇಯುತ್ತಲೇ ಇರುತ್ತದೆ. ಬದುವಿನ ಮೇಲೆ ಕೂರಬೇಕೆಂದರೆ ಮೊದಲು ಹೊಲದವರನ್ನು ಕೇಳಿ: "ಅಣ್ಣಾರ, ನಿಮ್ಮ ಬದುವಿನ ಮ್ಯಾಲ ಒಂದೀಟು ಹೊತ್ತು ಕುಂದರ್ಲೇನ್ರಿ?" ಸಾಮಾನ್ಯವಾಗಿ ಸಿಗುವ ಉತ್ತರ, "ಕುಂದ್ರಪಾ, ಸಸಿ ಮಾತ್ರ ತುಳೀಬ್ಯಾಡ." ಕೂತರೆ ಇನ್ನೊಂದು ಲಾಭವೂ ಇದೆ. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಹಿಂದಿನ ಬದು, ಪೈರು ದೂರ ಸರಿದು ಮಸುಕಾಗಿ ಹಕ್ಕಿ ಎದ್ದು ಕಾಣುತ್ತದೆ.

ಬಿಳಿ ಹಕ್ಕಿಯನ್ನು ಕಪ್ಪು ಕೆಸರಿನ ಮುಂದೆ ತೆಗೆಯುವಾಗ ಕ್ಯಾಮೆರಾ ಮೋಸಹೋಗುತ್ತದೆ. ಚೌಕಟ್ಟಿನ ತುಂಬ ಕತ್ತಲಿದೆ ಎಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ, ಬಿಳಿ ಕೆಂಬರಲಿನ ಗರಿಗಳ ಎಳೆಯೆಲ್ಲ ಅಳಿಸಿಹೋಗಿ ಬಿಳಿ ಕಾಗದ ಉಳಿಯುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ. ಅದೇ ಹಕ್ಕಿ ಎದ್ದು ಮೋಡದ ಮುಂದೆ ಹಾರಿದರೆ ತದ್ವಿರುದ್ಧ, ಏರಿಸಬೇಕು. ದೊಡ್ಡ ರೆಕ್ಕೆಯ ಬಡಿತ ನಿಧಾನವೆಂದು ಕಂಡರೂ ತುದಿಗರಿ ವೇಗವಾಗಿಯೇ ಚಲಿಸುತ್ತದೆ, ಹಾರಾಟಕ್ಕೆ ಶಟರ್ ವೇಗ 1/1000 ಸೆಕೆಂಡಿಗೆ ಕಡಿಮೆ ಬೇಡ. ಎರೆಹೊಲದಲ್ಲಿ ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ಎಷ್ಟು ಬೆಲೆಯ ಲೆನ್ಸಿನ ಚಿತ್ರವನ್ನೂ ಕದಡುತ್ತದೆ. ಅಷ್ಟು ಹೊತ್ತಿಗೆ ಕ್ಯಾಮೆರಾ ಚೀಲಕ್ಕೆ ಹಾಕಿ ಬೈನಾಕ್ಯುಲರ್ ಹಿಡಿಯುವುದು ಮೇಲು.

ಗಾಳಿಯ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಇಷ್ಟು ಭಾರದ ಹಕ್ಕಿ ಏಳುವುದು ಗಾಳಿಗೆ ಎದುರಾಗಿ, ಇಳಿಯುವುದೂ ಎದುರಾಗಿ. ನಮ್ಮ ಸೀಮೆಯಲ್ಲಿ ಮುಂಗಾರಿನ ಗಾಳಿ ಪಡುವಣದಿಂದ, ಚಳಿಗಾಲದ ಗಾಳಿ ಮೂಡಣದಿಂದ. ಚಳಿಗಾಲದ ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿ ಕೂತರೆ ಮೂಡಣಕ್ಕೆ ಏಳುವ ಹಕ್ಕಿ ನಿಮ್ಮ ಕಡೆಗೇ ಬರುತ್ತದೆ, ಮುಖದ ಮೇಲೆ ಬೆಳಕಿರುತ್ತದೆ. ಮುಂಗಾರಿನಲ್ಲಿ ಅದೇ ಅನುಕೂಲ ಸಂಜೆಗೆ, ಪಡುವಣದ ಬಿಸಿಲಿಗೆ ಬೆನ್ನು ಮಾಡಿ ಕೂತವರಿಗೆ. ಕುಷ್ಟಗಿ, ಯಲಬುರ್ಗಾ ಸುತ್ತ ಈಗ ಗಾಳಿಯಂತ್ರಗಳು ಎದ್ದು ನಿಂತಿವೆಯಲ್ಲ, ಅವುಗಳ ಮುಖ ಯಾವ ಕಡೆಗಿದೆಯೋ ಗಾಳಿ ಬರುವುದು ಆ ಕಡೆಯಿಂದ. ಕೆರೆಯ ಕೊಕ್ಕರೆಯೂ ಆ ದಿಕ್ಕಿಗೇ ಏಳುತ್ತದೆ.

ತುಂಗಭದ್ರೆಯ ಆಚೆ ದಂಡೆಯ ಸಂಡೂರಿನಲ್ಲಿ, ರಾಜ್ಯದ ಹಣಕಾಸು ಸಚಿವರಾಗಿದ್ದ ಎಂ. ವೈ. ಘೋರ್ಪಡೆ ಕಪ್ಪು–ಬಿಳುಪಿನಲ್ಲಿ ವನ್ಯಜೀವಿಗಳನ್ನು ಸೆರೆಹಿಡಿದು ಹೊರದೇಶಗಳಲ್ಲೂ ಹೆಸರಾದರು. ಮಲೆನಾಡಿನಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿ ಚಿತ್ರ ತೆಗೆದು, 'ಹಕ್ಕಿಪುಕ್ಕ'ದಂಥ ಪುಸ್ತಕವನ್ನು ಕನ್ನಡಕ್ಕೆ ಕೊಟ್ಟರು. ಒಂದು ರೀಲಿಗೆ 36 ಚಿತ್ರಗಳ ಕಾಲ ಅದು. ಒಂದೊಂದಕ್ಕೂ ದುಡ್ಡು, ತೊಳೆದು ನೋಡುವವರೆಗೆ ಫಲ ಗೊತ್ತಿಲ್ಲ. ಈಗ ಕಾಲೇಜು ಹುಡುಗರ ಕೈಯಲ್ಲೂ ದೂರದ ಜೂಮ್ ಇರುವ ಕ್ಯಾಮೆರಾ ಇದೆ, ಬೆಳಗಾಗುವಷ್ಟರಲ್ಲಿ ಸಾವಿರ ಚಿತ್ರ ಒತ್ತಬಹುದು. ಒತ್ತಲಿ. ಹಕ್ಕಿಯನ್ನು ಬೇಕೆಂದೇ ಎಬ್ಬಿಸಿ ಹಾರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಬಣ್ಣದ ಕೊಕ್ಕರೆಯಂಥ ಭಾರದ ಹಕ್ಕಿಗೆ ಪ್ರತಿ ಏಳುವಿಕೆಯೂ ತಿಂದ ಮೀನಿನ ಖರ್ಚು. ಕಲ್ಲೆಸೆದು, ಡ್ರೋನ್ ಬಿಟ್ಟು ತೆಗೆದ ಹಾರಾಟದ ಚಿತ್ರ ಎಷ್ಟೇ ಚೆಂದವಿರಲಿ, ಅದಕ್ಕೆ ಬಹುಮಾನ ಕೊಡಬಾರದು.

ಗೂಡಿನ ಹತ್ತಿರವಂತೂ ಹೋಗಲೇಬಾರದು. ನಮ್ಮ ಬಿಸಿಲಿನಲ್ಲಿ ತಾಯಿ ತಂದೆ ರೆಕ್ಕೆ ಅಗಲಿಸಿ ಮರಿಗೆ ನೆರಳು ಕೊಟ್ಟು ನಿಲ್ಲುತ್ತವೆ. ಮನುಷ್ಯನನ್ನು ಕಂಡು ಅವು ಎದ್ದರೆ ಬರಿಮೈಯ ಮರಿ ಸುಡುವ ಬಿಸಿಲಿಗೆ ಬೀಳುತ್ತದೆ, ಕಾಗೆ, ಹದ್ದು ಕಾದೇ ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚದಿರುವುದೂ ಒಳ್ಳೆಯದು.

ತೆಗೆದ ಚಿತ್ರಕ್ಕೆ ತಾರೀಕು, ಕೆರೆಯ ಹೆಸರು, ಹಕ್ಕಿಗಳ ಎಣಿಕೆ ಸೇರಿಸಿಡಿ. 1987ರಿಂದ ಪ್ರತಿ ಜನವರಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೂ ಫೆಬ್ರುವರಿಯ ಹಿತ್ತಲ ಹಕ್ಕಿ ಎಣಿಕೆಗೂ ಇಂಥ ಮಾಹಿತಿ ಬೇಕು, ಇ–ಬರ್ಡ್‌ನಲ್ಲಿ ವರ್ಷವಿಡೀ ದಾಖಲಿಸಬಹುದು. ಇನ್ನೊಂದು ಬಳಕೆಯೂ ಇದೆ. ಕೊಕ್ಕರೆಯ ಕಾಲಿನಲ್ಲಿ ಹಿಂದಕ್ಕೆ ಮಡಚುವ ಗಂಟನ್ನು ನಾವು ಮೊಣಕಾಲು ಎನ್ನುತ್ತೇವೆ, ನಿಜಕ್ಕೂ ಅದು ಹಿಮ್ಮಡಿಯ ಗಂಟು. ಚಿತ್ರದಲ್ಲಿ ನೀರು ಆ ಗಂಟಿನ ಕೆಳಗಿದೆಯೋ ಮೇಲಿದೆಯೋ ನೋಡಿದರೆ ಆ ದಿನ ಆ ಜಾಗದ ಆಳ ಸಿಕ್ಕಿಬಿಡುತ್ತದೆ. ಒಂದೇ ಕೆರೆಯನ್ನು ಮಳೆಗಾಲದಿಂದ ಬೇಸಿಗೆಯವರೆಗೆ ಹೀಗೆ ತೆಗೆದಿಟ್ಟರೆ, ಯಾವ ಅಂಚು ಯಾವ ತಿಂಗಳು ಹಕ್ಕಿಗಳಿಗೆ ಊಟ ಕೊಡುತ್ತದೆ ಎಂಬ ನಕ್ಷೆಯೇ ಕೈಗೆ ಬರುತ್ತದೆ. ಮುಂದಿನ ಸಲ ಊರ ಕೆರೆಯ ಹೂಳೆತ್ತಲು ಅಂದಾಜು ಪಟ್ಟಿ ತಯಾರಾಗುವಾಗ ಆ ಚಿತ್ರಗಳನ್ನು ಗ್ರಾಮ ಪಂಚಾಯ್ತಿಯವರ ಮುಂದೆಯೂ ಎಂಜಿನಿಯರರ ಮುಂದೆಯೂ ಇಟ್ಟು, ಈ ಬದಿಯನ್ನು ಇಳಿಜಾರಾಗಿಯೇ ಬಿಡಿ ಎಂದು ಬೆರಳಿಟ್ಟು ತೋರಿಸಿ ಕೇಳಬಹುದು.